ಓರೆಪಟ್ಟಿಯ ಚರಿತ್ರೆ

ಮಲೆನಾಡಿನಲ್ಲಿ ಚಪ್ಪರ ಹಾಕುವುದನ್ನು ನೀವು ನೋಡಿರಬಹುದು. ನಾಲ್ಕು ಕಂಬ ನೆಟ್ಟು ಮೇಲೆ ನಾಲ್ಕು ಗಳ ಕಟ್ಟಿದರೆ ಲೆಕ್ಕಕ್ಕೆ ಚಪ್ಪರವಾಯಿತು. ಆದರೆ ಆಡುವ ಹುಡುಗನೊಬ್ಬ ಬಂದು ಕಂಬಕ್ಕೆ ಒರಗಿದರೆ ಸಾಕು, ಇಡೀ ಚಪ್ಪರ ಒಂದು ಪಕ್ಕಕ್ಕೆ ವಾಲುತ್ತದೆ. ಆಗ ಅನುಭವಸ್ಥರೊಬ್ಬರು ಬಂದು, ಕಂಬದ ಬುಡದಿಂದ ಪಕ್ಕದ ಕಂಬದ ತುದಿಗೆ ಓರೆಯಾಗಿ ಒಂದು ಗಳ ಬಿಗಿಯುತ್ತಾರೆ. ಅಲ್ಲಿಗೆ ಅಲುಗಾಟ ನಿಂತಿತು. ಕಾಲು ಅಲುಗುವ ಮಂಚಕ್ಕೆ, ಬೆಂಚಿಗೆ ಆಚಾರಿ ಬಡಿಯುವ ಓರೆಪಟ್ಟಿಯೂ ಇದೇ. ಚೌಕ ವಾಲುತ್ತದೆ, ತ್ರಿಕೋನ ವಾಲುವುದಿಲ್ಲ. ಶಾಲೆಯಲ್ಲಿ ಜಾಮಿಟ್ರಿ ಓದದ ಚಪ್ಪರದ ಕೆಲಸಗಾರನಿಗೂ ಇದು ಗೊತ್ತು.

ಇಷ್ಟು ಸಣ್ಣ ವಿಷಯಕ್ಕೆ ಚರಿತ್ರೆ ಇರುತ್ತದೆಯೇ ಎಂದು ಕೇಳಬಹುದು. ಮೂವತ್ತು ವರ್ಷ ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳಿದವಳು ನಾನು. ಚರಿತ್ರೆ ಇಲ್ಲದ ವಸ್ತು ಇದೆಯೆಂದರೆ ನಂಬುವವಳಲ್ಲ. ಈ ಓರೆಪಟ್ಟಿ ಸಣ್ಣ ಕಾರಿನೊಳಗೆ ಹೇಗೆ ಹೊಕ್ಕಿತು, ಯಾಕೆ ಹೊಕ್ಕಿತು ಎಂಬುದು ನನ್ನನ್ನು ಕೆಲವು ವರ್ಷಗಳಿಂದ ಕಾಡಿದ ಸಂಗತಿ. ಕಾರಿನ ಉಸಾಬರಿ ಹೆಂಗಸರಿಗೇಕೆ ಎನ್ನುವ ಕಾಲ ಈಗಿಲ್ಲ. ನಮ್ಮ ಬೀದಿಯಲ್ಲೇ ಆರು ಮನೆಯ ಹೆಂಗಸರು ಕಾರು ಓಡಿಸುತ್ತಾರೆ. ಗ್ಯಾರೇಜಿಗೆ ಹೋದಾಗ ಮಾತ್ರ, "ಮನೇಲಿ ಯಜಮಾನರಿಲ್ವಾ ಮೇಡಂ?" ಎಂಬ ಪ್ರಶ್ನೆ ಇವತ್ತಿಗೂ ಎದುರಾಗುತ್ತದೆ.

ಮೊದಲಿಗೆ ಚಾಸಿ ಎಂದರೇನು ಎಂಬುದನ್ನು ನೋಡೋಣ. ಹಳೆಯ ಕಾಲದ ಕಾರೆಂದರೆ ಚಕ್ರದ ಮೇಲೆ ಕೂರಿಸಿದ ಒಂದು ಏಣಿ. ಎರಡು ಉದ್ದದ ಉಕ್ಕಿನ ತೊಲೆ, ನಡುವೆ ಅಡ್ಡಪಟ್ಟಿಗಳು. ಎಂಜಿನ್, ಚಕ್ರ, ಸ್ಟೇರಿಂಗ್ ಎಲ್ಲವೂ ಆ ಏಣಿಗೇ ಬಿಗಿದಿರುತ್ತಿದ್ದವು. ಅದರ ಮೇಲೆ ಸಾರೋಟಿನ ಗೂಡಿನಂಥ ಒಂದು ಗೂಡು. ಗೂಡಿಗೆ ಕೆಲಸವೇನೂ ಇಲ್ಲ. ಮಳೆ ಬಿಸಿಲಿಗೆ ಮರೆ, ನೋಡುವವರ ಕಣ್ಣಿಗೆ ಚೆಂದ, ಅಷ್ಟೆ. ಆದರೆ ಏಣಿಗೆ ಒಂದು ದೋಷವಿದೆ. ನೆಲದ ಮೇಲೆ ಮಲಗಿಸಿದ ಏಣಿಯ ಒಂದು ಮೂಲೆಯನ್ನು ಎತ್ತಿ ನೋಡಿ. ಅದು ಮುರಿಯುವುದಿಲ್ಲ, ತಿರುಚಿಕೊಳ್ಳುತ್ತದೆ. ಹಳ್ಳದಿಣ್ಣೆಯ ರಸ್ತೆಯಲ್ಲಿ ಹಳೆಯ ಲಾರಿಯ ಮುಂಭಾಗ ಒಂದು ಕಡೆ, ಹಿಂಭಾಗ ಇನ್ನೊಂದು ಕಡೆ ವಾಲುವುದನ್ನು ನೋಡಿದ್ದೀರಲ್ಲ, ಹಾಗೆ.

1922ರಲ್ಲಿ ಇಟಲಿಯ ವಿನ್ಸೆಂಜೊ ಲಾಂಚಿಯಾ ಎಂಬಾತ ಈ ಏಣಿಯನ್ನೇ ತೆಗೆದುಹಾಕಿದ. ಲಾಂಬ್ಡಾ ಎಂಬ ಅವನ ಕಾರಿನಲ್ಲಿ ಉಕ್ಕಿನ ತಗಡಿನ ಮೈಯೇ ಭಾರ ಹೊರುತ್ತಿತ್ತು, ಹಡಗಿನ ಒಡಲಿನ ಹಾಗೆ. ಮುಂದಿನ ಚಕ್ರಗಳು ಒಂದರ ಹಂಗು ಇನ್ನೊಂದಕ್ಕಿಲ್ಲದೆ ಏಳುತ್ತ ಬೀಳುತ್ತ ಇದ್ದವು. ಇದರ ಹಿಂದೆ ಒಂದು ಕಥೆ ಹೇಳುತ್ತಾರೆ. ಲಾಂಚಿಯಾ ತನ್ನ ತಾಯಿಯನ್ನು ಕೂರಿಸಿಕೊಂಡು ಹೋಗುತ್ತಿದ್ದಾಗ ಗುಂಡಿಗೆ ಬಿದ್ದು ಮುಂದಿನ ಸ್ಪ್ರಿಂಗ್ ಮುರಿಯಿತಂತೆ. ಅಲ್ಲಿಂದಲೇ ಅವನಿಗೆ ಹೊಸ ಬಗೆಯ ಸ್ಪ್ರಿಂಗಿನ ಯೋಚನೆ ಹತ್ತಿತಂತೆ. ಕಥೆ ಎಷ್ಟು ನಿಜವೋ, ಲಾಂಬ್ಡಾ ಮಾತ್ರ ನಿಜ. ಮುಂದೆ 1934ರಲ್ಲಿ ಫ್ರಾನ್ಸಿನ ಸಿಟ್ರೊಯೆನ್ ಕಂಪನಿ ಇದೇ ದಾರಿ ಹಿಡಿದು, ಏಣಿಯಿಲ್ಲದ ಉಕ್ಕಿನ ಮೈಯ ಕಾರನ್ನು ಸಾವಿರ ಸಾವಿರ ಸಂಖ್ಯೆಯಲ್ಲಿ ಮಾಡಿ ಮಾರಿತು. ಅಂದಹಾಗೆ, ಆನೆಯಂಥ ನಮ್ಮ ಅಂಬಾಸಿಡರಿಗೂ ಏಣಿ ಚಾಸಿ ಇರಲಿಲ್ಲ, ಅದರದೂ ಮೈಯೇ ಚಾಸಿ. ಇದನ್ನು ಹೇಳಿದರೆ ನಮ್ಮ ಊರಿನ ಹಳೆಯ ಟ್ಯಾಕ್ಸಿ ಡ್ರೈವರುಗಳು ಜಗಳಕ್ಕೇ ಬರುತ್ತಾರೆ.

ನನ್ನ ಕಥೆಗೆ ಮುಖ್ಯವಾದ ವರ್ಷ 1959. ಆ ವರ್ಷ ಇಂಗ್ಲೆಂಡಿನಲ್ಲಿ ನಾಲ್ಕೇ ತಿಂಗಳ ಅಂತರದಲ್ಲಿ ಎರಡು ಸಣ್ಣ ಕಾರುಗಳು ಬಂದವು. ಏಪ್ರಿಲ್‌ನಲ್ಲಿ ಟ್ರಯಂಫ್ ಹೆರಾಲ್ಡ್, ಆಗಸ್ಟ್‌ನಲ್ಲಿ ಮಿನಿ. ಓರಗೆಯ ಈ ಇಬ್ಬರ ಮೈಕಟ್ಟು ಒಂದಕ್ಕೊಂದು ತದ್ವಿರುದ್ಧ.

ಹೆರಾಲ್ಡ್ ಹಳೆಯ ಪದ್ಧತಿಯದು. ಕೆಳಗೆ ಬೇರೆ ಚಾಸಿ, ಮೇಲೆ ತುಂಡು ತುಂಡಾಗಿ ಬೋಲ್ಟ್ ಹಾಕಿ ಕೂರಿಸಿದ ಮೈ. ಇದಕ್ಕೆ ಕಾರಣ ಎಂಜಿನಿಯರಿಂಗಿಗಿಂತ ವ್ಯಾಪಾರ. ಅವರಿಗೆ ಕಾರಿನ ಮೈ ಮಾಡಿಕೊಡುತ್ತಿದ್ದ ಕಾರ್ಖಾನೆಯನ್ನು ಎದುರಾಳಿ ಕಂಪನಿ ಕೊಂಡುಬಿಟ್ಟಿತ್ತು. ಇಡೀ ಮೈಯನ್ನು ಒಂದೇ ಕಡೆ ಮಾಡಿಸುವ ದಾರಿ ಮುಚ್ಚಿದಾಗ, ಸಣ್ಣ ತುಂಡುಗಳನ್ನು ಅಲ್ಲಲ್ಲಿ ಮಾಡಿಸಿ ಜೋಡಿಸಿದರು. ಈ ಹೆರಾಲ್ಡೇ 1961ರಿಂದ ಮದ್ರಾಸಿನಲ್ಲಿ ತಯಾರಾಗಿ ಸ್ಟಾಂಡರ್ಡ್ ಹೆರಾಲ್ಡ್ ಎಂಬ ಹೆಸರಿನಲ್ಲಿ ನಮ್ಮ ದೇಶದ ರಸ್ತೆಗಿಳಿಯಿತು. ತೀರ್ಥಹಳ್ಳಿಯಲ್ಲಿ ನಮ್ಮ ಮನೆಗೆ ಬರುತ್ತಿದ್ದ ಡಾಕ್ಟರಲ್ಲಿ ಅಂಥದೊಂದು ಕಾರಿತ್ತು. ಅದರ ಬಾನೆಟ್ ಎತ್ತುವುದನ್ನು ನೋಡಲು ಮಕ್ಕಳೆಲ್ಲ ಓಡುತ್ತಿದ್ದೆವು. ಮೂತಿ, ದೀಪ, ಎರಡು ಕಡೆಯ ಮಡ್‌ಗಾರ್ಡು ಎಲ್ಲ ಸೇರಿ ಮೊಸಳೆಯ ಬಾಯಂತೆ ಮುಂದಕ್ಕೆ ಮಗುಚಿಕೊಳ್ಳುತ್ತಿತ್ತು. ಇಕ್ಕಟ್ಟಾದ ಅಂಗಳದಲ್ಲೂ ಗರ್ರನೆ ತಿರುಗಿಸಬಹುದಿತ್ತು, ಇಪ್ಪತ್ತೈದು ಅಡಿಯ ಸುತ್ತು ಸಾಕಿತ್ತು ಅದಕ್ಕೆ. ಆದರೆ ಡಾಕ್ಟರು ಆಗುಂಬೆ ಘಾಟಿ ಇಳಿಯುವಾಗ ಮಾತಾಡುತ್ತಿರಲಿಲ್ಲವೆಂದು ಅಮ್ಮ ಹೇಳುತ್ತಿದ್ದರು. ಹೆರಾಲ್ಡಿನ ಹಿಂದಿನ ಚಕ್ರಗಳು, ತಿರುವಿನಲ್ಲಿ ಜೋರಾಗಿ ಹೋದರೆ, ಮೈಯ ಒಳಗೆ ಕಾಲು ಮಡಚಿಕೊಂಡ ಹಾಗೆ ಓರೆಯಾಗುತ್ತಿದ್ದವು. ಗೊತ್ತಿದ್ದವರು ಮೆಲ್ಲಗೆ ಹೋಗುತ್ತಿದ್ದರು.

ಇನ್ನು ಮಿನಿ. ಅದನ್ನು ರೂಪಿಸಿದವರು ಅಲೆಕ್ ಇಸಿಗೊನಿಸ್. 1906ರಲ್ಲಿ ತುರ್ಕಿಯ ಸ್ಮಿರ್ನಾ ಪಟ್ಟಣದಲ್ಲಿ ಹುಟ್ಟಿ ಇಂಗ್ಲೆಂಡಿಗೆ ಬಂದು ನೆಲೆಸಿದವರು. ನಮ್ಮಲ್ಲಿ ಬೇಬಿ ಹಿಂದೂಸ್ತಾನ್ ಎಂದು ಮಾರಾಟವಾದ ಮಾರಿಸ್ ಮೈನರ್ ಕೂಡ ಅವರದೇ ಕೂಸು. 1956ರ ಸೂಯೆಜ್ ಕಾಲುವೆಯ ಗಲಾಟೆಯಲ್ಲಿ ಇಂಗ್ಲೆಂಡಿಗೆ ಪೆಟ್ರೋಲ್ ಬರುವುದೇ ಕಷ್ಟವಾದಾಗ, ನಾಲ್ಕು ಜನ ಕೂರುವ, ಕಡಿಮೆ ಕುಡಿಯುವ ಕಾರು ಬೇಕೆಂದು ಕಂಪನಿ ಕೇಳಿತು. ಇಸಿಗೊನಿಸ್ ಹತ್ತಡಿ ಉದ್ದದಲ್ಲಿ ಅದನ್ನು ಮಾಡಿ ತೋರಿಸಿದರು. ಎಂಜಿನ್ನನ್ನು ಅಡ್ಡಲಾಗಿ ಮಲಗಿಸಿದರು. ಹತ್ತಿಂಚಿನ ಪುಟ್ಟ ಚಕ್ರ ಹಾಕಿದರು. ಸ್ಪ್ರಿಂಗಿನ ಬದಲು ರಬ್ಬರಿನ ಗೊಟ್ಟ ಇಟ್ಟರು. ಬೇರೆ ಚಾಸಿ ಇಲ್ಲ, ತಗಡಿನ ಪೆಟ್ಟಿಗೆಯೇ ಎಲ್ಲ. ಪ್ರಯೋಗಕ್ಕೆ ಮಾಡಿದ ಮೊದಲ ಕಾರುಗಳ ಬಣ್ಣ ನೋಡಿ ಕಿತ್ತಳೆ ಪೆಟ್ಟಿಗೆ ಎಂದೇ ಕರೆಯುತ್ತಿದ್ದರಂತೆ.

ಆ ಪೆಟ್ಟಿಗೆಗಳನ್ನು ಕೆಟ್ಟ ರಸ್ತೆಯ ಮೇಲೆ ಓಡಿಸಿ ನೋಡಿದಾಗ ಸಂಕಟ ಶುರುವಾಯಿತು. ಚಕ್ರದ ಪೆಟ್ಟೆಲ್ಲ ಹೋಗಿ ನಾಟುವ ಜಾಗದಲ್ಲಿ ತೆಳು ತಗಡು ತಾಳಲಿಲ್ಲ. ಹೊಸ ರವಿಕೆಯ ಕಂಕುಳಿನ ಹೊಲಿಗೆ ಬಿಡುವುದನ್ನು ನಾವು ಕಾಣುವುದಿಲ್ಲವೇ, ಬಟ್ಟೆ ಗಟ್ಟಿಯೇ ಇರುತ್ತದೆ, ಎಳೆತ ಬೀಳುವ ಜಾಗದಲ್ಲಿ ಮಾತ್ರ ಬಿಡುತ್ತದೆ. ಕಂಕುಳಿಗೆ ತುಂಡು ಬಟ್ಟೆ ಕೊಟ್ಟು ಹೊಲಿಯುವ ಹಾಗೆ, ಇಸಿಗೊನಿಸ್ ಮುಂದೊಂದು ಹಿಂದೊಂದು ಗಟ್ಟಿ ಉಕ್ಕಿನ ಚೌಕಟ್ಟು ಕೊಟ್ಟರು. ಚಕ್ರಗಳನ್ನು ಆ ಚೌಕಟ್ಟಿಗೆ ಬಿಗಿದು, ಚೌಕಟ್ಟನ್ನು ಮೈಗೆ ಬಿಗಿದರು. ಕಿತ್ತೊಗೆದ ಚಾಸಿಯನ್ನು ಎರಡು ತುಂಡು ಮಾಡಿ ಹಿಂಬಾಗಿಲಿನಿಂದ ಕರೆತಂದಂತಾಯಿತು. ಆಮೇಲಿನ ಸಣ್ಣ ಕಾರುಗಳ ಚರಿತ್ರೆಯನ್ನೆಲ್ಲ ನಾನು ಈ ಕಣ್ಣಿನಿಂದಲೇ ನೋಡುತ್ತೇನೆ. ಭಾರ ಕಡಿಮೆ ಮಾಡಲು ಏಣಿ ತೆಗೆದರು. ತೆಗೆದ ಏಣಿಯನ್ನು ತುಂಡು ತುಂಡಾಗಿ, ಬೇಕಾದ ಕಡೆಗಷ್ಟೇ ಮತ್ತೆ ಸೇರಿಸುತ್ತ ಬಂದರು.

ಇಷ್ಟೆಲ್ಲ ಬುದ್ಧಿವಂತಿಕೆಯ ನಡುವೆ ಒಂದು ನಗೆಪಾಟಲೂ ನಡೆಯಿತು. ಮೊದಲು ಮಾರಾಟವಾದ ಮಿನಿಗಳ ನೆಲದ ತಗಡನ್ನು ತಲೆಕೆಳಗಾಗಿ ಒಂದರ ಮೇಲೊಂದು ಹೊದಿಸಿದ್ದರು. ಮಳೆಯಲ್ಲಿ ಓಡಿದರೆ ಕೂತವರ ಕಾಲು ನೆನೆಯುತ್ತಿತ್ತು. ಮೇಲಿನ ಹೆಂಚು ಕೆಳಗಿನದರ ಮೇಲೆ ಬರಬೇಕೆಂದು ನಮ್ಮ ಮಾಡು ಹೊದಿಸುವವರನ್ನು ಕೇಳಿದ್ದರೆ ಹೇಳುತ್ತಿದ್ದರು.

ಮೈ ಅಲುಗಿದರೆ ಕಾರು ತಿರುಗುವುದಕ್ಕೇನು ತೊಂದರೆ? ಇದನ್ನು ಅರ್ಥ ಮಾಡಿಕೊಳ್ಳಲು ನನಗೆ ಸ್ವಲ್ಪ ಕಾಲ ಹಿಡಿಯಿತು. ಕಾರಿಗೂ ರಸ್ತೆಗೂ ಇರುವ ಸಂಬಂಧವೆಲ್ಲ ನಾಲ್ಕು ಅಂಗೈ ಅಗಲದ ರಬ್ಬರಿನಲ್ಲಿ. ತಿರುವಿನಲ್ಲಿ ಭಾರ ಹೊರಗಿನ ಎರಡು ಚಕ್ರಗಳ ಮೇಲೆ ಬೀಳುತ್ತದೆ, ಮೈ ಹೊರಕ್ಕೆ ವಾಲುತ್ತದೆ. ಆಗಲೂ ಟೈರು ರಸ್ತೆಗೆ ಸಪಾಟಾಗಿ ಕೂತಿರಬೇಕು. ಅಂಚಿನ ಮೇಲೆ ನಿಂತರೆ ಹಿಡಿತ ಹೋಯಿತು. ಚಕ್ರವನ್ನು ಸರಿಯಾದ ಕೋನದಲ್ಲಿ ಹಿಡಿದಿಡುವುದು ಸ್ಪ್ರಿಂಗು, ತೋಳು, ಶಾಕ್ ಅಬ್ಸಾರ್ಬರ್‌ಗಳ ಕೆಲಸ. ಅವನ್ನು ಲೆಕ್ಕ ಹಾಕಿ ಮಾಡಿದವನು ಒಂದು ವಿಷಯ ನಂಬಿರುತ್ತಾನೆ: ಅವನ್ನು ಬಿಗಿದಿರುವ ಜಾಗ ಅಲುಗುವುದಿಲ್ಲ ಎಂದು. ತಗಡು ಒಂದೆರಡು ಮಿಲಿಮೀಟರ್ ಬಾಗಿದರೂ ಆ ಲೆಕ್ಕ ತಪ್ಪುತ್ತದೆ. ಸ್ಟೇರಿಂಗ್ ತಿರುಗಿಸಿ ಒಂದು ಗಳಿಗೆಯ ಮೇಲೆ ಕಾರು ತಿರುಗುತ್ತದೆ. ಆ ಒಂದು ಗಳಿಗೆಯ ಅನುಮಾನದಲ್ಲಿ ನಾವು ಇನ್ನಷ್ಟು ತಿರುಗಿಸಿಬಿಡುತ್ತೇವೆ.

ನೆನೆದ ಸೀರೆಯನ್ನು ಇಬ್ಬರು ಹಿಡಿದು ಹಿಂಡುವುದನ್ನು ನೆನಪಿಸಿಕೊಳ್ಳಿ. ಒಬ್ಬಳು ತಿರುಚುತ್ತಾಳೆ, ಇನ್ನೊಬ್ಬಳು ಗಟ್ಟಿಯಾಗಿ ಹಿಡಿದಿರಬೇಕು. ಹಿಡಿದವಳ ಕೈ ಸಡಿಲವಾದರೆ ಸೀರೆಯೂ ಅವಳ ಜೊತೆ ತಿರುಗುತ್ತದೆ, ನೀರು ಇಳಿಯುವುದಿಲ್ಲ. ಮುಂದಿನ ಚಕ್ರ, ಹಿಂದಿನ ಚಕ್ರಗಳ ನಡುವೆ ಕಾರಿನ ಮೈ ಹಿಡಿದವಳ ಕೆಲಸ ಮಾಡಬೇಕು. ಮೈ ಗಟ್ಟಿ ನಿಂತರೆ ಸ್ಪ್ರಿಂಗನ್ನು ಮೆತ್ತಗಿಟ್ಟರೂ ನಡೆಯುತ್ತದೆ, ಕೂತವರ ಸೊಂಟವೂ ಉಳಿಯುತ್ತದೆ. ಮೈಯೇ ಸಡಿಲವಾದರೆ ಸ್ಪ್ರಿಂಗನ್ನು ಎಷ್ಟು ಬಿಗಿ ಮಾಡಿದರೂ ಕುಲುಕಾಟ ಹೆಚ್ಚುತ್ತದೆಯೇ ಹೊರತು ತಿರುವು ಸುಧಾರಿಸುವುದಿಲ್ಲ.

ಮಿನಿ ಇದನ್ನು ಲೋಕಕ್ಕೆ ತೋರಿಸಿತು. ತೋರಿಸಿದವರಲ್ಲಿ ಮೊದಲಿಗರು ಇಬ್ಬರು ಹೆಂಗಸರೆಂಬುದನ್ನು ನಾನು ತಿಳಿದಾಗ, ಇಷ್ಟು ದಿನ ಯಾರೂ ಹೇಳಲಿಲ್ಲವಲ್ಲ ಎನಿಸಿತು. ಪ್ಯಾಟ್ ಮಾಸ್ ಕುದುರೆ ಸವಾರಿಯಲ್ಲಿ ಹೆಸರು ಮಾಡಿದವಳು, ರೇಸಿನ ಸ್ಟರ್ಲಿಂಗ್ ಮಾಸ್‌ನ ತಂಗಿ. ಪಕ್ಕದ ಸೀಟಿನಲ್ಲಿ ಕೂತು ದಾರಿ ಹೇಳುತ್ತಿದ್ದವಳು ಆನ್ ವಿಸ್ಡಮ್. ಅವಳ ಅಪ್ಪ ಅಮ್ಮ ಇಬ್ಬರೂ ರೇಸಿನವರೇ. 1960ರಲ್ಲಿ ಈ ಜೋಡಿ ಒಂದು ದೊಡ್ಡ ಆಸ್ಟಿನ್ ಹೀಲಿ ಕಾರಿನಲ್ಲಿ ಲಿಯೇಜ್-ರೋಮ್-ಲಿಯೇಜ್ ಎಂಬ ಭಯಂಕರ ರ‍್ಯಾಲಿಯನ್ನು ಗೆದ್ದಿತು. ಹೆಂಗಸರಿಗೆಂದು ಇಟ್ಟ ಬಹುಮಾನವಲ್ಲ, ಗಂಡಸರನ್ನೆಲ್ಲ ಹಿಂದೆ ಹಾಕಿ ಮೊದಲ ಸ್ಥಾನ. 1961ರಲ್ಲಿ ಜಾನ್ ಕೂಪರ್ ಎಂಬ ರೇಸ್ ಕಾರುಗಾರ ಮಿನಿಗೆ 997 ಸಿಸಿಯ ಚುರುಕು ಎಂಜಿನ್ ಕೂರಿಸಿದ ಮೇಲೆ, 1962ರಲ್ಲಿ ಇವರಿಬ್ಬರೂ ಅದನ್ನು ಹಾಲೆಂಡಿನ ಟ್ಯೂಲಿಪ್ ರ‍್ಯಾಲಿಗೆ ಒಯ್ದು ಗೆದ್ದರು. ಮಿನಿ ಕೂಪರಿಗೆ ಅದು ಮೊದಲ ದೊಡ್ಡ ಅಂತರರಾಷ್ಟ್ರೀಯ ಗೆಲುವು.

ಮುಂದಿನ ಗೆಲುವುಗಳನ್ನು ಕಾರಿನ ಪುಸ್ತಕಗಳೆಲ್ಲ ಬರೆಯುತ್ತವೆ. ಮಾಂಟೆ ಕಾರ್ಲೊ ರ‍್ಯಾಲಿಯಲ್ಲಿ 1964ರಲ್ಲಿ ಪ್ಯಾಡಿ ಹಾಪ್‌ಕರ್ಕ್, 1965ರಲ್ಲಿ ಟಿಮೊ ಮೆಕಿನೆನ್, 1967ರಲ್ಲಿ ರಾನೊ ಆಲ್ಟೊನೆನ್. ನಡುವೆ 1966ರಲ್ಲಿ ಮೊದಲ ಮೂರೂ ಸ್ಥಾನ ಮಿನಿಗಳಿಗೇ ಬಂದಾಗ ದೀಪದ ಬಲ್ಬಿನ ನೆಪ ತೆಗೆದು ಮೂರನ್ನೂ ಹೊರಹಾಕಿದರು. ಹಿಮದ ಘಾಟಿಯ ತಿರುವುಗಳಲ್ಲಿ ದೊಡ್ಡ ಎಂಜಿನ್ನಿನ ಕಾರುಗಳು ಈ ಪುಟ್ಟ ಪೆಟ್ಟಿಗೆಯ ಹಿಂದೆ ಉಳಿದದ್ದಕ್ಕೆ ಕಾರಣ ಹಲವು: ಮೂಲೆಗೆ ಸರಿಸಿದ ಚಕ್ರಗಳು, ಕಡಿಮೆ ಭಾರ, ಮುಂದಿನ ಚಕ್ರ ಎಳೆಯುವ ಏರ್ಪಾಟು. ಜೊತೆಗೆ ಚಿಕ್ಕ ಪೆಟ್ಟಿಗೆಗೆ ಹುಟ್ಟಿನಿಂದಲೇ ಒಂದು ಅನುಕೂಲವಿದೆ. ಬೆಂಕಿಪೊಟ್ಟಣವನ್ನು ತಿರುಚುವುದು ಕಷ್ಟ. ಅದೇ ದಪ್ಪದ ರಟ್ಟಿನ ಸೀರೆ ಪೆಟ್ಟಿಗೆಯನ್ನು ತಿರುಚುವುದು ಸುಲಭ. ಮುಚ್ಚಳ ತೆಗೆದರಂತೂ ಇನ್ನೂ ಸುಲಭ. ಹಿಂದೆ ಅಗಲವಾದ ಡಿಕ್ಕಿ ಬಾಗಿಲು ಇರುವ ಇಂದಿನ ಸಣ್ಣ ಕಾರುಗಳು ಒಂದು ಬದಿಯ ಮುಚ್ಚಳ ತೆಗೆದ ಪೆಟ್ಟಿಗೆಗಳೇ.

ರ‍್ಯಾಲಿಯವರು ಅಷ್ಟಕ್ಕೆ ಬಿಡಲಿಲ್ಲ. ಕಾರ್ಖಾನೆಯಲ್ಲಿ ಕಾರಿನ ತಗಡುಗಳನ್ನು ಸೇರಿಸುವುದು ಚುಕ್ಕೆ ಬೆಸುಗೆಯಿಂದ. ಇಷ್ಟಿಷ್ಟು ದೂರಕ್ಕೆ ಒಂದೊಂದು ಚುಕ್ಕೆ. ರವಿಕೆಗೆ ಪ್ರೆಸ್ ಬಟನ್ ಹಾಕಿದ ಹಾಗೆ. ನಡುವೆ ಬಾಯಿ ಬಿಡಲು ಜಾಗವಿದ್ದೇ ಇರುತ್ತದೆ. ರ‍್ಯಾಲಿ ಕಾರುಗಳನ್ನು ಸಿದ್ಧಪಡಿಸುವವರು ಕೀಲುಗಳ ಉದ್ದಕ್ಕೂ ಮತ್ತೆ ಬೆಸುಗೆ ಹಾಕಿದರು. ಕಚ್ಚಾ ಹೊಲಿಗೆಯ ಮೇಲೆ ಮೆಷಿನ್ ಹೊಲಿಗೆ ಓಡಿಸಿದಂತೆ. ಕಾರು ಮಗುಚಿದರೆ ತಲೆ ಉಳಿಯಲೆಂದು ಒಳಗೆ ಉಕ್ಕಿನ ಕೊಳವೆಗಳ ಪಂಜರ ಕೂರಿಸುವ ಪದ್ಧತಿ ಬಂತು. ಅದನ್ನು ಮೈಗೆ ಸರಿಯಾಗಿ ಬೆಸೆದರೆ ಪ್ರಾಣ ಕಾಯುವುದರ ಜೊತೆಗೆ ಮೈಯೂ ಕಲ್ಲಿನಂತಾಗಿ, ತಿರುವೂ ಚುರುಕಾಗುತ್ತಿತ್ತು. ಪಂಜರದ ಚಿತ್ರ ಸಿಕ್ಕಿದರೆ ಗಮನಿಸಿ, ಚಪ್ಪರದ ಓರೆಗಳ ಅಲ್ಲಿದೆ, ಬಾಗಿಲ ಬಳಿ, ಬೆನ್ನ ಹಿಂದೆ, ಮಾಡಿನ ಅಡಿಯಲ್ಲಿ.

ಮನೆಮನೆಯ ಕಾರಿಗೆ ಓರೆಪಟ್ಟಿ ಬಂದದ್ದು ಬೇರೊಬ್ಬರ ದೆಸೆಯಿಂದ. ಅಮೆರಿಕದ ಅರ್ಲ್ ಮ್ಯಾಕ್‌ಫರ್ಸನ್ ಎಂಬ ಎಂಜಿನಿಯರು 1940ರ ದಶಕದಲ್ಲಿ ಷೆವರ್ಲೆ ಕಂಪನಿಗೆಂದು ಒಂದು ಅಗ್ಗದ ಸಣ್ಣ ಕಾರನ್ನು ರೂಪಿಸುತ್ತಿದ್ದರು. 1947ರಲ್ಲಿ ಕಂಪನಿ ಆ ಕಾರನ್ನೇ ಕೈಬಿಟ್ಟಿತು. ಬೇಸತ್ತ ಮ್ಯಾಕ್‌ಫರ್ಸನ್ ಫೋರ್ಡಿಗೆ ಹೋದರು. ಅವರ ಏರ್ಪಾಟು 1950ರ ಇಂಗ್ಲಿಷ್ ಫೋರ್ಡ್ ಕಾರುಗಳಲ್ಲಿ ಕಾಣಿಸಿಕೊಂಡಿತು. ಸ್ಪ್ರಿಂಗು, ಶಾಕ್ ಅಬ್ಸಾರ್ಬರು, ಚಕ್ರದ ಆಧಾರ ಮೂರನ್ನೂ ಒಂದೇ ಕಂಬದಲ್ಲಿ ಸೇರಿಸಿದ ಸರಳ ವಿದ್ಯೆ ಅದು. ಕಂಬದ ತಲೆ ಬಾನೆಟ್ಟಿನ ಕೆಳಗೆ, ಎಡಕ್ಕೊಂದು ಬಲಕ್ಕೊಂದು ಗೋಪುರದಂಥ ತಗಡಿಗೆ ಬಿಗಿದಿರುತ್ತದೆ. ಅಗ್ಗ, ಜಾಗ ಉಳಿಯುತ್ತದೆ. ಲೋಕದ ಸಣ್ಣ ಕಾರುಗಳಲ್ಲಿ ಬಹುಪಾಲು ಇದನ್ನೇ ಹಿಡಿದವು. ಆದರೆ ಚಕ್ರದ ಪೆಟ್ಟು ನೇರವಾಗಿ ಆ ಎರಡು ಗೋಪುರಗಳ ನೆತ್ತಿಗೇ ಬೀಳುತ್ತದೆ. ಎರಡರ ನಡುವೆ ಎಂಜಿನ್ ಇರುವುದರಿಂದ ಅಲ್ಲಿ ಅಡ್ಡಗೋಡೆ ಇಲ್ಲ. ತಿರುವಿನಲ್ಲಿ ಒಂದು ಗೋಪುರ ಒಳಕ್ಕೆ ವಾಲುತ್ತದೆ, ಇನ್ನೊಂದು ಹೊರಕ್ಕೆ. ಎರಡರ ನೆತ್ತಿಯನ್ನೂ ಒಂದು ಗಟ್ಟಿ ಕಂಬಿಯಿಂದ ಸೇರಿಸಿದರೆ? ಅದೇ ಸ್ಟ್ರಟ್ ಬಾರ್.

ಜಪಾನಿನ ಹುಡುಗರು ಇದನ್ನು ಒಂದು ಕಸುಬನ್ನಾಗಿಯೇ ಬೆಳೆಸಿದರು. ಮುಂದಿನ ಗೋಪುರಗಳಿಗೊಂದು, ಹಿಂದಿನವಕ್ಕೊಂದು, ಕಾರಿನ ಕೆಳಗೆ ತೋಳುಗಳ ಬುಡ ಸೇರಿಸಲೊಂದು. ಕಂಪನಿಗಳೂ ಕಣ್ಣು ತೆರೆದವು. 1995ರ ಹೋಂಡಾ ಇಂಟೆಗ್ರಾ ಟೈಪ್ ಆರ್ ಕಾರಿಗೆ ಕಾರ್ಖಾನೆಯಲ್ಲೇ ಹೆಚ್ಚಿನ ಬೆಸುಗೆ ಹಾಕಿ, ಗೋಪುರಕ್ಕೆ ಬಾರ್ ಕೂರಿಸಿ ಕೊಟ್ಟರು.

ನಮ್ಮ ದೇಶಕ್ಕೆ ಮ್ಯಾಕ್‌ಫರ್ಸನ್ನರ ಕಂಬವನ್ನು ಮನೆಮನೆಗೆ ತಂದದ್ದು ಮಾರುತಿ 800. 1983ರ ಡಿಸೆಂಬರ್ 14ರಂದು ಮೊದಲ ಕಾರಿನ ಬೀಗದ ಕೈ ಕೊಟ್ಟವರು ಇಂದಿರಾ ಗಾಂಧಿ. 1986ರಲ್ಲಿ ಅದರ ರೂಪ ಬದಲಾಗಿ, ನಾವೆಲ್ಲ ನೋಡಿದ ಗುಂಡುಮೂತಿಯ ಕಾರು ಬಂತು. 796 ಸಿಸಿಯ ಮೂರು ಸಿಲಿಂಡರು, ಹನ್ನೆರಡಿಂಚಿನ ಚಕ್ರ. ಬೆಂಗಳೂರಿನಿಂದ ಹೊರಟು ಕಾಡುದಾರಿ ಸುತ್ತುವ ಕೆ-1000 ರ‍್ಯಾಲಿ 1970ರ ದಶಕದಿಂದಲೂ ಇತ್ತು. ಅಂಥ ರ‍್ಯಾಲಿಗಳ ಹುಚ್ಚು ಹಿಡಿದ ಹುಡುಗರು ಮಾರುತಿಯನ್ನೂ ಬಿಡಲಿಲ್ಲ. ಜೆ.ಸಿ. ರಸ್ತೆಯ ಅಂಗಡಿ, ಶಿವಾಜಿನಗರದ ಗುಜರಿ ಸುತ್ತಿ ಸಾಮಾನು ತಂದು ಕೂರಿಸಿದರು.

ನನ್ನ ತಂಗಿಯ ಮಗ ಆ ಪೈಕಿ. ಕೆಲವು ವರ್ಷಗಳ ಹಿಂದೆ ದಸರಾ ರಜೆಗೆ ಊರಿಗೆ ಬಂದವನು ಪೇಪರಿನಲ್ಲಿ ಸುತ್ತಿದ ಕೆಂಪು ಬಣ್ಣದ ಒಂದು ಕಂಬಿಯನ್ನು ನನ್ನ ಮುಂದೆ ಹಿಡಿದ. "ದೊಡ್ಡಮ್ಮ, ಇದನ್ನ ನಿಮ್ಮ ಎಂಟ್ನೂರಕ್ಕೆ ಹಾಕ್ಸಿಬಿಡ್ತೀನಿ. ಆಗುಂಬೆ ಘಾಟೀಲಿ ರೈಲು ಹಳಿ ಮೇಲೆ ಹೋದಂಗೆ ಹೋಗತ್ತೆ ನೋಡಿ!" ನನ್ನ ಕಾರು ಆಗಲೇ ಹದಿನೆಂಟು ಮಳೆಗಾಲ ಕಂಡಿತ್ತು. ಉಡುಪಿಯಲ್ಲಿರುವ ನನ್ನ ಅಕ್ಕನನ್ನು ನೋಡಲು ತಿಂಗಳಿಗೆರಡು ಬಾರಿ ನಾನೊಬ್ಬಳೇ ಆ ಘಾಟಿ ಇಳಿದು ಹತ್ತುತ್ತಿದ್ದೆ. ಈಚೆಗೆ ಬಲಕ್ಕೆ ತಿರುಗುವಾಗ ಕಾರು ಒಂದು ಕ್ಷಣ ಯೋಚನೆ ಮಾಡಿ ತಿರುಗುತ್ತದೆ ಅನಿಸುತ್ತಿತ್ತು. ಎಲ್ಲೋ 'ಟಕ್' ಎಂಬ ಸಣ್ಣ ಸದ್ದು. ಒಂದು ಗ್ಯಾರೇಜಿನಲ್ಲಿ ತೋರಿಸಿದರೆ ಚಕ್ರದ ಅಲೈನ್‌ಮೆಂಟ್ ಮಾಡಿ ದುಡ್ಡು ಈಸಿಕೊಂಡರು, ಸದ್ದು ಹೋಗಲಿಲ್ಲ. ಇನ್ನೊಂದರಲ್ಲಿ, "ಹಳೇ ಗಾಡಿ ಮೇಡಂ, ಅಷ್ಟೇ" ಎಂದರು. ಈಗ ಈ ಹುಡುಗನ ಕಂಬಿ.

ಹಾಕುವುದಕ್ಕೆ ಮುಂಚೆ ಗೋಪುರ ಗಟ್ಟಿ ಇದೆಯೇ ನೋಡೋಣ ಎಂದೆ. ಮಿನಿಯ ಹಿಂದಿನ ಚೌಕಟ್ಟುಗಳು ತುಕ್ಕಿಗೇ ಕುಖ್ಯಾತವಾಗಿದ್ದವೆಂದು ಎಲ್ಲೋ ಓದಿದ್ದು ತಲೆಯಲ್ಲಿತ್ತು. ಇಬ್ಬರೂ ಹಳೆಯ ಟಿಂಕರಿಂಗ್ ಕೆಲಸದ ಒಬ್ಬ ಸಾಹೇಬರ ಶೆಡ್ಡಿಗೆ ಹೋದೆವು. ಅವರು ಕಂಬಿಯನ್ನು ನೋಡಲೇ ಇಲ್ಲ. ಬಾನೆಟ್ ಎತ್ತಿ, ಬಲಗಡೆಯ ಏಪ್ರನ್ ಎಂದು ಅವರು ಕರೆಯುವ ತಗಡಿನ ಮೇಲೆ (ಅಡುಗೆಮನೆಯ ಏಪ್ರನ್ನಲ್ಲ, ಚಕ್ರಕ್ಕೂ ಎಂಜಿನ್ನಿಗೂ ನಡುವಿನ ಮರೆ) ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟುತ್ತ ಹೋದರು. ಟಣ್ ಟಣ್ ಎನ್ನುತ್ತಿದ್ದ ಸದ್ದು ಗೋಪುರದ ಬುಡಕ್ಕೆ ಬಂದಾಗ ಬೊದ್ ಎಂದಿತು. ತುದಿಯಿಂದ ಒತ್ತಿದರೆ ಸ್ಕ್ರೂಡ್ರೈವರ್ ಒಳಗೇ ಹೋಯಿತು. ಕಪ್ಪು ಬಣ್ಣದ ಅಡಿಯಲ್ಲಿ ತಗಡು ಕರಗಿ, ಕೀಲಿನ ಉದ್ದಕ್ಕೆ ಬೆರಳುದ್ದದ ಬಿರುಕು ಬಿಟ್ಟಿತ್ತು. ಆ ಬಿರುಕು ಪ್ರತಿ ಬಲ ತಿರುವಿನಲ್ಲಿ ಬಾಯಿ ಬಿಟ್ಟು ಮುಚ್ಚುತ್ತಿತ್ತು. ಟಕ್ ಸದ್ದು ಅದೇ.

"ಅಮ್ಮಾ, ಇದರ ಮ್ಯಾಲೆ ಆ ಕೆಂಪು ರಾಡ್ ಹಾಕಿದ್ರೆ ಸದ್ದು ನಿಂತೋಗ್ತಿತ್ತು," ಎಂದರು ಸಾಹೇಬರು. "ಆಮೇಲೊಂದು ದಿನ ಕಂಬಾನೇ ಬಾನೆಟ್ ಕಿತ್ಕೊಂಡ್ ಮೇಲ್ ಬರ್ತಿತ್ತು." ನನ್ನ ತಂಗಿಯ ಮಗ ಆ ಹೊತ್ತು ಮಾತಾಡಲಿಲ್ಲ. ಸೋಮೇಶ್ವರದ ಕಡೆಗಿಳಿಯುವ ಆ ತಿರುವುಗಳನ್ನು ನೋಡಿದವರಿಗೆ ಅವನ ಮೌನ ಅರ್ಥವಾಗುತ್ತದೆ.

ಕೊಳೆತ ತಗಡು ಕತ್ತರಿಸಿ ತೆಗೆದು ಹೊಸ ತುಂಡು ಬೆಸೆಯಲು ನಾಲ್ಕು ದಿನ ಹಿಡಿಯಿತು. ಜೊತೆಗೆ ಕೆಳತೋಳಿನ ಸವೆದ ರಬ್ಬರ್ ಬುಷ್‌ಗಳು, ಮುಂದಿನ ಎರಡು ಟೈರು ಹೊಸದು. ಕಂಬಿಯನ್ನು ಆಗಲೂ ಹಾಕಲು ನಾನು ಬಿಡಲಿಲ್ಲ. ಎರಡನ್ನೂ ಒಟ್ಟಿಗೆ ಮಾಡಿದರೆ ಯಾವುದರಿಂದ ಏನಾಯಿತೆಂದು ಹೇಗೆ ತಿಳಿಯುವುದು? ಮೊದಲು ಹಾಗೆಯೇ ಘಾಟಿ ಇಳಿದು ಹತ್ತಿದೆವು. ಕಾರು ಯೋಚನೆ ಮಾಡುವುದನ್ನು ಬಿಟ್ಟಿತ್ತು. ತಿರುಗಿಸಿದ ಕೂಡಲೇ ತಿರುಗಿತು. ಮಾರನೆಯ ದಿನ ಕಂಬಿ ಬಿಗಿದು ಮತ್ತೆ ಹೋದೆವು. ನಿಜ ಹೇಳಬೇಕೆಂದರೆ, ನನ್ನ ಮೂವತ್ತು ಕಿಲೋಮೀಟರ್ ವೇಗದಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಗುಂಡಿಗೆ ಬಿದ್ದಾಗ ಡ್ಯಾಶ್‌ಬೋರ್ಡಿನ ಕಿರಿಕಿರಿ ಸ್ವಲ್ಪ ಕಡಿಮೆಯಾಯಿತೇನೋ. ಅವನು ಓಡಿಸಿದಾಗ ಮಾತ್ರ, ಮೂತಿ ಚುರುಕಾಗಿದೆ, ಸ್ಟೇರಿಂಗಿನಲ್ಲಿ ರಸ್ತೆ ಗೊತ್ತಾಗುತ್ತದೆ ಎಂದು ಕುಣಿದಾಡಿದ. ಅವನ ವೇಗಕ್ಕೆ ಅದು ಸುಳ್ಳಿರಲಾರದು. ಮೈ ಬಾಗುವುದು ಜೋರಾಗಿ ಹೋದಾಗ. ಬಾಗದ ಮೈಗೆ ಕಂಬಿ ಏನು ಮಾಡೀತು?

ಕಂಬಿ ಕೊಳ್ಳುವವರಿಗೆ ಒಂದೆರಡು ಮಾತು. ನೇರವಾಗಿರುವುದೇ ಮೇಲು. ಎಂಜಿನ್ನಿಗೆ ತಗಲಬಾರದೆಂದು ಬಿಲ್ಲಿನಂತೆ ಬಾಗಿಸಿದ ಕಂಬಿ ಒತ್ತಡ ಬಿದ್ದಾಗ ತಾನೇ ಬಾಗುತ್ತದೆ. ಅದರ ಹೊಳಪಿಗೆ ಮರುಳಾಗಬೇಡಿ, ತುದಿಯ ಪಟ್ಟಿ ಎಷ್ಟು ದಪ್ಪ, ಗೋಪುರಕ್ಕೆ ಎಷ್ಟು ಸಮವಾಗಿ ಕೂರುತ್ತದೆ ಎಂಬುದನ್ನು ನೋಡಿ. ಅಪಘಾತದಲ್ಲಿ ಒಂದು ಬದಿಗೆ ಬಿದ್ದ ಪೆಟ್ಟು ಕಂಬಿಯ ಮೂಲಕ ಇನ್ನೊಂದು ಗೋಪುರಕ್ಕೂ ದಾಟಬಹುದೆಂಬುದೂ ನೆನಪಿರಲಿ.

ಇದು ಪ್ರಾಣ ಕಾಯುವ ಸಾಮಾನು ಎಂದು ಯಾರಾದರೂ ಹೇಳಿದರೆ ಮಾತ್ರ ನಂಬಬೇಡಿ. 2014ರ ಜನವರಿಯಲ್ಲಿ ಎರಡು ಸಂಗತಿ ನಡೆದವು. ಮಾರುತಿ 800ರ ತಯಾರಿಕೆ ನಿಂತಿತು. ಅದೇ ತಿಂಗಳು ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ನಮ್ಮ ದೇಶದ ಐದು ಸಣ್ಣ ಕಾರುಗಳನ್ನು ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ಗುದ್ದಿಸಿ ನೋಡಿದ ಫಲಿತಾಂಶ ಪ್ರಕಟವಾಯಿತು. ಐದಕ್ಕೂ ದೊಡ್ಡವರ ರಕ್ಷಣೆಯಲ್ಲಿ ಸಿಕ್ಕಿದ್ದು ಸೊನ್ನೆ. ನ್ಯಾನೋ, ಆಲ್ಟೋ 800, ಐ10 ಈ ಮೂರರ ಮೈ ಪೆಟ್ಟಿಗೆ ನಿಲ್ಲಲಿಲ್ಲ. ಫಿಗೋ ಮತ್ತು ಪೋಲೋಗಳ ಮೈ ನಿಂತಿತು. ಆದರೂ ಏರ್‌ಬ್ಯಾಗ್ ಇಲ್ಲದ್ದರಿಂದ ಅವಕ್ಕೂ ಸೊನ್ನೆಯೇ. ತಿರುಚದ ಮೈ ಒಂದು ಗುಣ, ಗುದ್ದಿದರೆ ಕೂತವರ ಸುತ್ತ ಕುಸಿಯದ ಮೈ ಇನ್ನೊಂದು ಗುಣ, ಒಳಗಿರುವವರ ತಲೆ ಎದೆ ಹಿಡಿಯುವ ಬೆಲ್ಟು, ಚೀಲ ಮತ್ತೊಂದು. ಬಾನೆಟ್ಟಿನ ಕೆಳಗಿನ ಕೆಂಪು ಕಂಬಿ ಮೊದಲನೆಯದಕ್ಕೆ ಮಾತ್ರ.

ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ರೂಪವನ್ನು ಮನಬಂದಂತೆ ಬದಲಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಬಿಚ್ಚಿ ತೆಗೆಯಬಹುದಾದ ಕಂಬಿ ಒಂದು ಮಾತು. ಮೈ ಕತ್ತರಿಸಿ ಪಂಜರ ಬೆಸೆಯುವುದು ಬೇರೆ ಮಾತು. ಎರಡಕ್ಕೂ ಮುಂಚೆ ಆರ್.ಟಿ.ಒ. ಕಚೇರಿಯಲ್ಲೂ ವಿಮೆಯವರಲ್ಲೂ ಕೇಳಿಕೊಳ್ಳುವುದು ಕ್ಷೇಮ.

ಸಾಹೇಬರು ಒಂದು ಪರೀಕ್ಷೆ ಹೇಳಿಕೊಟ್ಟರು, ದುಡ್ಡು ಬೇಡದ್ದು. ಕಾರನ್ನು ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಒಳಗೆ ಯಾರೂ ಇಲ್ಲದಾಗ ಒಂದು ಮೂಲೆಗೆ ಜಾಕಿ ಕೊಟ್ಟು ಚಕ್ರ ನೆಲ ಬಿಡುವಷ್ಟು ಎತ್ತಿ. ಕಾರಿನ ಕೆಳಗೆ ಕೈ ತಲೆ ಹಾಕಬೇಡಿ. ಈಗ ಆ ಬದಿಯ ಬಾಗಿಲನ್ನು ಮೆಲ್ಲಗೆ ತೆರೆದು ಮುಚ್ಚಿ ನೋಡಿ. ಮೊದಲಿನಂತೆಯೇ ಮುಚ್ಚಿಕೊಂಡರೆ ಮೈ ಇನ್ನೂ ಗಟ್ಟಿ. ಚಿಲಕ ತಗಲಿದರೆ, ಬಾಗಿಲ ಸುತ್ತಿನ ಸಂದಿ ಮೇಲೊಂದು ಅಗಲ ಕೆಳಗೊಂದು ಅಗಲವಾದರೆ, ತಗಡು ಎಲ್ಲೋ ಬಿಟ್ಟಿದೆ. ಕಂಬಿಯ ಅಂಗಡಿಗೆ ಹೋಗುವುದಕ್ಕೆ ಮೊದಲು ಟಿಂಕರಿನವರನ್ನು ಹುಡುಕಿ. ನಮ್ಮ ಮಲೆನಾಡಿನಲ್ಲಾದರೆ ಇದನ್ನು ಮಾಡಬೇಕಾದದ್ದು ಮಳೆಗಾಲ ಮುಗಿದ ಮೇಲೆ, ದೀಪಾವಳಿಯ ಹೊತ್ತಿಗೆ. ಗೋಪುರದ ಬುಡದಲ್ಲಿ ಕೂತ ಕೆಸರು, ಒಣಗಿದ ಎಲೆಗಳನ್ನು ಅದೇ ದಿನ ಹಳೆಯ ಬಟ್ಟೆಯಿಂದ ಬಳಿದು ತೆಗೆದುಬಿಡಬಹುದು.